ಎಂಟು ಸಾಲು ಕಬ್ಬು

ಅಥವಾ ಅದು ಎಂಟು ಸಾಲು ಇರಲಿಕ್ಕೇ ಇಲ್ಲ. ಆರು ಇದ್ದಿರಬಹುದು. ಚಿಕ್ಕೋಡಿಯ ಗ್ರಂಥಾಲಯದಲ್ಲಿ ಒಮ್ಮೆ ಈ ಕತೆ ಹೇಳುವಾಗ ಹತ್ತು ಎಂದಿದ್ದೆನಂತೆ. ಕೇಳಿದವರೊಬ್ಬರು ಆಮೇಲೆ ಹತ್ತಿರ ಬಂದು, "ಹೋದಸಲ ಎಂಟು ಅಂದಿದ್ರಿ ಸರ್" ಎಂದು ನೆನಪಿಸಿದರು. ನಾನು ನಕ್ಕು ಚಹಾ ಕುಡಿದೆ. ಹೇಳಿದಷ್ಟು ಸಲವೂ ಕತೆ ಸ್ವಲ್ಪ ನುಣುಪಾಗುತ್ತ ಬಂದಿದೆ. ಈಗ ಅದರಲ್ಲಿ ಯಾರು ಯಾವಾಗ ಏನು ಅಂದರು ಎಲ್ಲವೂ ತಕ್ಕ ಜಾಗದಲ್ಲಿ ಕೂತಿವೆ. ಅದೇ ನನಗೆ ಅನುಮಾನ. ಆ ದಿನ ಯಾವುದೂ ತಕ್ಕ ಜಾಗದಲ್ಲಿ ಇರಲಿಲ್ಲ.

ಹೋದ ತಿಂಗಳು ಕಾಗವಾಡದ ಬಸ್ಸಿನಲ್ಲಿದ್ದೆ. ಶಿರಗುಪ್ಪಿ ಹತ್ತಿರವಾಗುತ್ತಿದ್ದಂತೆ ಕಿಟಕಿಯಿಂದ ಕಾಕಂಬಿಯ ವಾಸನೆ ನುಗ್ಗಿತು. ಸಕ್ಕರೆ ಕಾರ್ಖಾನೆ ನಡೆಯುವ ದಿನಗಳಲ್ಲಿ ಈ ಕಡೆಯ ಗಾಳಿಯೇ ಹಾಗೆ, ಅರ್ಧ ಬೆಲ್ಲ, ಅರ್ಧ ಕೊಳೆತದ್ದು. ಪಕ್ಕದವರು ಮೂಗಿಗೆ ಕರವಸ್ತ್ರ ಹಿಡಿದರು. ನಾನು ಮಾತ್ರ ಎದೆ ತುಂಬ ಎಳೆದುಕೊಂಡೆ. ತಮಿಳು ಸಿನೆಮಾದವರು ಬಂದ ಆ ಚಳಿಗಾಲದಲ್ಲಿ ನಾನು ಈ ವಾಸನೆಯೊಳಗೇ ಓಡಾಡಿದ್ದೆ. ನನ್ನ ಜೀವನದಲ್ಲಿ ಅಷ್ಟು ಒಳ್ಳೆಯ ಮೂರು ವಾರ ಮತ್ತೆ ಬರಲಿಲ್ಲ. ಇದೊಂದನ್ನು ಯಾವ ಅನುಮಾನವೂ ಇಲ್ಲದೆ ಹೇಳಬಲ್ಲೆ.

ನಾನು ಸಿನೆಮಾದವನಲ್ಲ. ನಿಪ್ಪಾಣಿಯ ತಂಬಾಕಿನ ಅಂಗಡಿಯೊಂದರಲ್ಲಿ ಬಹಳ ವರ್ಷ ಗುಮಾಸ್ತನಾಗಿದ್ದೆ. ನಮ್ಮ ಬೀಡಿ ತಂಬಾಕು ತಿರುನೆಲ್ವೇಲಿಗೆ ಹೋಗುತ್ತಿತ್ತು. ಮಾಲಿನ ಹಿಂದೆ ನಾನೂ ಹೋಗುತ್ತಿದ್ದೆ. ಅಲ್ಲಿನ ವ್ಯಾಪಾರಿಗಳು ಚೀಲ ಬಿಚ್ಚಿ, ಮೂಸಿ, ಮುಖ ಕಿವುಚಿದ ಮೇಲೆ ನನ್ನ ಕೆಲಸ ಶುರು. ಹಾಗೆ ಜಗಳಾಡುತ್ತ ತಮಿಳು ಕಲಿತೆ. ಆ ಭಾಷೆಯಲ್ಲಿ ಮೆಲ್ಲಗೆ ಮಾತಾಡಲು ನನಗೆ ಇಂದಿಗೂ ಬರುವುದಿಲ್ಲ. ಕೃಷ್ಣೆಯ ದಂಡೆಯಲ್ಲಿ ಚಿತ್ರೀಕರಣಕ್ಕೆ ಜಾಗ ಹುಡುಕುತ್ತಿದ್ದವರಿಗೆ ಕನ್ನಡ, ಮರಾಠಿ, ತಮಿಳು ಮೂರೂ ಬರುವ ಒಬ್ಬ ಬೇಕಾಗಿತ್ತು. ಯಾರೋ ನನ್ನ ಹೆಸರು ಹೇಳಿದರು.

ನಿರ್ದೇಶಕಿಯ ಹೆಸರು ಮಲರ್. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಇದು ಅವಳ ಮೊದಲ ಚಿತ್ರ. ಕತೆ ಸರಳ. ಮಾತು ಬಿಟ್ಟ ಅಣ್ಣ-ತಂಗಿ ತೀರಿಹೋದ ತಂದೆಯ ಹಾರ್ಮೋನಿಯಂ ಅನ್ನು ಮಧುರೈಯಿಂದ ಪಂಢರಪುರಕ್ಕೆ ಹಳೆಯ ವ್ಯಾನಿನಲ್ಲಿ ಒಯ್ಯುತ್ತಾರೆ. ದಾರಿಯುದ್ದಕ್ಕೂ ಇಬ್ಬರೂ ಒಂದು ಮಾತಾಡುವುದಿಲ್ಲ. ನಮ್ಮ ಸೀಮೆಗೆ ಬಂದಾಗ ವ್ಯಾನು ಕೆಡುತ್ತದೆ. ಇಬ್ಬರೂ ಕಬ್ಬಿನ ಹೊಲದ ಕಾಲುದಾರಿಗೆ ಇಳಿದು ಒಬ್ಬರಿಗೊಬ್ಬರು ಕಾಣದಾಗುತ್ತಾರೆ. ಕಾಣದೇ ಇದ್ದಾಗ ಮಾತಾಡುತ್ತಾರೆ. "ಆ ಒಂದು ಮಾತುಕತೆಗೋಸ್ಕರವೇ ಉಳಿದ ಸಿನೆಮಾ" ಎಂದು ಮಲರ್ ನನಗೆ ಮೊದಲ ದಿನವೇ ಹೇಳಿದಳು. ಅದಕ್ಕೆ ಆಳೆತ್ತರ ಮೀರಿದ, ಆಚೆ ಕಾಣದಂಥ ಕಬ್ಬು ಬೇಕಿತ್ತು. ರಾಯಬಾಗದ ದಿಗ್ಗೇವಾಡಿಯ ತನಕ ತಿರುಗಿ, ಕೊನೆಗೆ ಅವಳು ಒಪ್ಪಿದ್ದು ಶಿರಗುಪ್ಪಿಯ ಸುಶೀಲಕ್ಕನ ಹೊಲ.

ಸುಶೀಲಕ್ಕ ಗಂಡ ಹೋದ ಮೇಲೆ ಒಬ್ಬಳೇ ಬೇಸಾಯ ಮಾಡಿಸುತ್ತಿದ್ದವಳು. ನಮಗೆ ದೂರದ ಸಂಬಂಧ. ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು.

"ಸಿನೆಮಾದವ್ರು ಕಬ್ಬಿನ್ಯಾಗ ಏನ್ ಮಾಡ್ತಾರೋ ತಮ್ಮಾ? ಕುಣೀತಾರೇನು?"

"ಕುಣಿಯೂದಿಲ್ಲ ಅಕ್ಕಾ. ಮಾತಾಡ್ತಾರ."

"ಬರೇ ಮಾತಾಡಾಕ ಮದ್ರಾಸಿನಿಂದ ಬಂದಾರ? ಅವರೂರಾಗ ಮಾತಾಡಾಕ ಜಾಗ ಇಲ್ಲೇನು?"

ಬಾಡಿಗೆಯ ಮಾತೆತ್ತಿದೆ. ಅವಳು ಕೈಯಾಡಿಸಿ ತಳ್ಳಿಹಾಕಿದಳು. "ಅದ್ ಇರ್ಲಿ ಬಿಡು. ನೀ ಒಂದ್ ಕೆಲಸ ಮಾಡು. ಕಾರ್ಖಾನಿ ಫೀಲ್ಡ್‌ಮನ್‌ಗ ಹೇಳಿ ನಮ್ಮ ಪಾಳಿ ಲಗೂ ಬರೂಹಂಗ ಮಾಡು. ಹ್ವಾದ ವರ್ಷ ಬ್ಯಾಸಗಿ ಬರೂತನ ನಿಂತು ಕಬ್ಬೆಲ್ಲಾ ಬೆಂಡಾತು. ಈ ವರ್ಷನೂ ಹಂಗಾತಂದ್ರ ನಾ ಕಬ್ಬ್ ಹಚ್ಚೂದ ಬಿಡ್ತೇನಿ, ದೇವರಾಣಿ."

ಪಾಳಿ ಎಂದರೆ ಏನೆಂದು ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮಲ್ಲಿ ಕಬ್ಬು ಬೆಳೆದವನು ತನಗೆ ಬೇಕಾದಾಗ ಕಡಿಯುವುದಿಲ್ಲ. ಕಾರ್ಖಾನೆಯ ಫೀಲ್ಡ್‌ಮನ್ ಚೀಟಿ ಕೊಡಬೇಕು. ಚೀಟಿ ಹಿಡಿದು ಮಹಾರಾಷ್ಟ್ರದ ಬೀಡ ಕಡೆಯಿಂದ ಬಂದ ಕಟಾವಿನ ಗ್ಯಾಂಗು ಹೊಲಕ್ಕೆ ಇಳಿಯಬೇಕು. ಇಳಿದ ದಿನ ಕಡಿಸಿಕೊಳ್ಳದಿದ್ದರೆ ಅವರು ಮುಂದಿನ ಹೊಲಕ್ಕೆ ಹೋಗುತ್ತಾರೆ. ಮತ್ತೆ ಅವರ ಮುಖ ಕಾಣುವುದು ಬಿಸಿಲು ಬಂದ ಮೇಲೆ. ಅಷ್ಟರಲ್ಲಿ ಕಬ್ಬು ಒಳಗೊಳಗೆ ಟೊಳ್ಳಾಗಿರುತ್ತದೆ. ಹಾಗಾಗಿ ಹಂಗಾಮು ಶುರುವಾದರೆ ಊರಿಗೆ ಊರೇ ಫೀಲ್ಡ್‌ಮನ್‌ಗೆ ಹೇಳುವವರನ್ನು ಹುಡುಕುತ್ತದೆ. ಎಲ್ಲರೂ ಎಲ್ಲರಿಗಾಗಿ ಹೇಳುತ್ತಾರೆ. ಏನೂ ಆಗುವುದಿಲ್ಲ. ಆಗುವುದಿಲ್ಲ ಎಂಬ ಧೈರ್ಯದಿಂದಲೇ ನಾವು ಹೇಳುವುದು.

ನಾನೂ ಹೇಳಿದೆ. ಕಾಗವಾಡದ ಚಹಾದಂಗಡಿಯಲ್ಲಿ ಫೀಲ್ಡ್‌ಮನ್ ಸಿಕ್ಕಾಗ, "ನಮ್ಮ ಸುಶೀಲಕ್ಕಂದು ಸ್ವಲ್ಪ ನೋಡ್ರಿ ಸಾಹೇಬ್ರ" ಎಂದೆ. ಅವರು ಬಸಿಯಿಂದ ಚಹಾ ಹೀರುತ್ತ, "ನೋಡೂಣ್ರಿ" ಎಂದರು. ನೋಡೋಣ ಎಂದರೆ ಇಲ್ಲವೆಂದೇ ನಮ್ಮಲ್ಲಿ ಲೆಕ್ಕ. ಅದೇ ಸಂಜೆ ಮಲರ್‌ಗೆ ಎದೆ ತಟ್ಟಿ ಹೇಳಿದೆ: ಸಂಕ್ರಾಂತಿಯ ತನಕ ಈ ಕಬ್ಬಿಗೆ ಯಾರೂ ಕೈ ಹಚ್ಚುವುದಿಲ್ಲ.

ತಂಗಿಯ ಪಾತ್ರದವಳ ಭಾಗವನ್ನು ಎರಡು ದಿನ ತೆಗೆದರು. ಕಾಲುದಾರಿಯ ಒಂದು ಕಡೆಗೆ ಮುಖ ಮಾಡಿ ಅವಳು ಮಾತಾಡುವುದು, ಕೇಳಿಸಿಕೊಳ್ಳುವುದು, ಅಳದೇ ಇರುವುದು. ಮೂರನೆಯ ದಿನ ಅಣ್ಣನ ಸರದಿ. ಆ ನಟನಿಗೆ ಬೆಳಗ್ಗೆ ಜ್ವರ ಏರಿತು. ಮಿರಜಿನ ಆಸ್ಪತ್ರೆಗೆ ಸೇರಿಸಿದೆವು. ಐದು ದಿನ ಅಲುಗಾಡಬಾರದು ಎಂದರು ಡಾಕ್ಟರು. ತಂಡದವರು ಅಥಣಿಯ ಲಾಡ್ಜಿನಲ್ಲಿ ಕೂತು ಬೇಸರಕ್ಕೆ ಆ ಊರಿಗೆ ಹೆಸರಾದ ಚಪ್ಪಲಿ ಕೊಂಡರು. ಲೈಟಿನವನೊಬ್ಬ ನಾಲ್ಕು ಜೊತೆ ಕೊಂಡದ್ದು ನೆನಪಿದೆ. ಇದು ಮಾತ್ರ ಯಾಕೆ ಇಷ್ಟು ಸ್ಪಷ್ಟವಾಗಿ ನೆನಪಿದೆಯೋ.

ಮೂರು ದಿನ ಹಾಗೆ ಕಳೆಯಿತು. ನಾಲ್ಕನೆಯ ಬೆಳಗ್ಗೆ ಸುಶೀಲಕ್ಕನ ಫೋನು.

"ತಮ್ಮಾ! ಬಂತೋ! ಪಾಳಿ ಬಂತು! ಗ್ಯಾಂಗ್‌ನವ್ರು ಹೊಲಕ್ಕ ಇಳದಾರ. ನೀ ದೇವರು ಬಂದಂಗ ಬಂದಿ ನೋಡು, ನಿನ್ನ ಬಾಯಾಗ ಸಕ್ರಿ ಹಾಕ್ತೇನಿ!"

ಹೇಳಿದ್ದಕ್ಕೆ ಆಗಿಬಿಟ್ಟಿತ್ತು. ನನ್ನ ಆಯುಷ್ಯದಲ್ಲಿ ನಾನು ಹಚ್ಚಿದ ಶಿಫಾರಸು ಫಲಿಸಿದ್ದು ಅದೊಂದೇ.

ಮಲರ್‌ಳನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದೆ. ದಾರಿಯಲ್ಲಿ ಅವಳಿಗೆ ಅರ್ಧ ಹೇಳಿದೆ, ಪಾಳಿ ಬಂದಿದೆ ಎಂದು. ಯಾಕೆ ಬಂತು ಎಂದು ಹೇಳಲಿಲ್ಲ. ಹೋಗುವಷ್ಟರಲ್ಲಿ ರಸ್ತೆ ಬದಿಯ ಮೂಲೆ ಆಗಲೇ ಬಯಲಾಗಿತ್ತು. ಡಬಲ್ ಟ್ರೇಲರಿನ ಟ್ರ್ಯಾಕ್ಟರಿನಲ್ಲಿ ಹಾಡು ಕಿವಿ ಹರಿಯುವಂತೆ ಮೊಳಗುತ್ತಿತ್ತು. ಎಂಟು-ಹತ್ತು ಜೋಡಿ ಗಂಡ-ಹೆಂಡಿರು ಕಬ್ಬು ಕಡಿಯುವ ಕತ್ತಿ, ಕೊಯ್ತಾ, ಹಿಡಿದು ಬಾಗಿದ್ದರು; ಕೊಯ್ತಾ ಬಿದ್ದಲ್ಲಿ ಕಬ್ಬು ವಾಲುತ್ತಿತ್ತು. ಗ್ಯಾಂಗಿನ ಮುಖಂಡ, ಅಂದರೆ ಮುಕಾದಮ, ದಾದಾರಾವ್ ಎಂಬವನು. ನನ್ನ ಕೂಗಿಗೆ ಕೆಲಸ ನಿಲ್ಲಿಸಿದ, ಚೀಟಿಯನ್ನು ಟೋಪಿಯೊಳಗಿಂದ ತೆಗೆದು ತೋರಿಸಿದ.

ಎರಡೇ ದಿನ ತಡೆಯಲು ಹೇಳಿ ಎಂದಳು ಮಲರ್. ಅರ್ಧ ತೆಗೆದಾಗಿದೆ, ಇದೇ ಕಬ್ಬು ಇಲ್ಲದಿದ್ದರೆ ಆ ಅರ್ಧವೂ ಕೆಲಸಕ್ಕೆ ಬಾರದು, ಆ ಭಾಗವಿಲ್ಲದಿದ್ದರೆ ನನ್ನ ಹತ್ತಿರ ಸಿನೆಮಾ ಇಲ್ಲ. ಕೂಗಾಡಲಿಲ್ಲ. ಹೇಳಿ, ಕಾಲುವೆಯ ದಂಡೆಯ ಮೇಲೆ ಹೋಗಿ ಕೂತಳು.

ನಾನು ಕನ್ನಡಕ್ಕೆ ತಂದೆ. ಸುಶೀಲಕ್ಕನ ಮುಖದ ಮೇಲಿನ ಸಕ್ಕರೆ ಅಲ್ಲೇ ಕರಗಿತು.

"ಎರಡ್ ದಿನಾ? ನನ್ನ ಸಲುವಾಗಿ ಇವ್ರು ಎರಡ್ ದಿನ ಕುಂದರ್ತಾರೇನು? ಇವತ್ತ ಎದ್ದ್ ಹ್ವಾದ್ರ ಆ ಕಡೆ ಪಾಟೀಲರ ಹೊಲಕ್ಕ ಹೋಗ್ತಾರ. ಮುಂದ ನಾ ಬಿಸಲಾಗ ಬೆಂಡ್ ಕಬ್ಬ್ ಎಣಿಸ್ಕೋಂತ ಕುಂದರ್ಬೇಕು." ಒಂದು ಉಸಿರು ತೆಗೆದುಕೊಂಡು ನನ್ನ ಕಡೆ ತಿರುಗಿದಳು. "ನೀನಽ ಹೇಳಿ ಪಾಳಿ ತಂದಿ, ನೀನಽ ಈಗ ನಿಲ್ಲಸಂತಿ. ತಲಿ ನೆಟ್ಟಗೈತೇನೋ?"

"ಏನನ್ನುತ್ತಾರೆ?" ಎಂದಳು ಮಲರ್.

"ಚಿಂತೆಯಾಗಿದೆ ಅನ್ನುತ್ತಾರೆ" ಎಂದೆ ತಮಿಳಿನಲ್ಲಿ.

ಅದು ನಾನು ಆಡಿದ ಸುಳ್ಳು. ಎಷ್ಟು ಚಿಕ್ಕದು ನೋಡಿ. ಇಬ್ಬರು ಹೆಂಗಸರ ನಡುವೆ ನಿಂತು, ಒಬ್ಬಳ ಇಡೀ ವರ್ಷ, ಇನ್ನೊಬ್ಬಳ ಇಡೀ ಸಿನೆಮಾ ಎರಡನ್ನೂ ಒಂದೇ ಚಹಾದಂಗಡಿಯ ಮಾತಿನಲ್ಲಿ ಸಿಕ್ಕಿಸಿದವನು ನಾನೇ ಎಂಬುದನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸದೆ ಉಳಿಸಿಕೊಂಡೆ.

ಮುಂದಿನದು ನನಗೆ ಬೇಕಾದ ಭಾಗ. ಅದೇ ಸರಿಯಾಗಿ ಸಿಗುವುದಿಲ್ಲ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಹಾಡು ಮೊಳಗುತ್ತಲೇ ಇತ್ತು. ನನ್ನ ನೆನಪಿನಲ್ಲಿ, ಬೆನ್ನ ಹಿಂದಿನ ಸಾಲಿನಿಂದ ಒಂದು ಹೆಂಗಸಿನ ದನಿ ಬರುತ್ತದೆ, ಮರಾಠಿಯಲ್ಲಿ. "ಕಡೇಚಾ ಠೇವಾ, ಆತಲಾ ತೋಡೂಯಾ." ಅಂಚಿನದು ಬಿಡಿ, ಒಳಗಿನದು ಕಡಿಯೋಣ. ತಿರುಗಿ ನೋಡಿದರೆ ಹಸಿರು ಬಳೆಯ ಕೈಯೊಂದು ಕೊಯ್ತಾದಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸುತ್ತಿದೆ: ಕಾಲುದಾರಿಯ ಈ ಕಡೆ ಇಷ್ಟು ಸಾಲು, ಆ ಕಡೆ ಇಷ್ಟು. ಕ್ಯಾಮರಾಕ್ಕೆ ಕಾಣುವುದು ದಾರಿ, ದಾರಿಗೆ ಕಾಣುವುದು ಅಂಚು. ಒಳಗೆ ಏನಿದ್ದರೇನು?

ನಾನು ಅದನ್ನು ತಮಿಳಿನಲ್ಲಿ ಹೇಳಿದೆ. ಮಲರ್ ದಂಡೆಯ ಮೇಲಿಂದ ಎದ್ದಳು.

ಮುಕಾದಮನಿಗೆ ಇದರಿಂದ ನಷ್ಟವೇ. ಉಳಿದ ಸಾಲುಗಳಿಗಾಗಿ ಇನ್ನೊಂದು ದಿನ ಮತ್ತೆ ಬರಬೇಕು, ಟ್ರೇಲರ್ ಅರ್ಧ ಖಾಲಿ ಹೋಗುತ್ತದೆ. ಅವನು ತಲೆ ಕೆರೆದುಕೊಂಡ. ಮಲರ್‌ಳನ್ನು ನೋಡಿದ, ಸುಶೀಲಕ್ಕನನ್ನು ನೋಡಿದ. "ನಾಡಿದ್ದು ಬೆಳಗ್ಗೆ ಬರುತ್ತೇವೆ" ಎಂದ. ಇಷ್ಟೇ. ಯಾರೂ ಅವನಿಗೆ ಏನೂ ಕೊಡುತ್ತೇವೆ ಎಂದಿರಲಿಲ್ಲ.

ಎರಡು ದಿನದಲ್ಲಿ ಹೊಲ ಬೋಳಾಯಿತು. ನಡುವೆ ಕಾಲುದಾರಿ, ಅದರ ಎರಡೂ ಬದಿಗೆ ಎಂಟೆಂಟು ಸಾಲು. ಎಂಟೇ ಎಂದು ಈ ಕತೆಯ ಮಟ್ಟಿಗೆ ಇಟ್ಟುಕೊಳ್ಳೋಣ. ಒಳಗಿನ ಆಸರೆ ಹೋದ ಮೇಲೆ ನಿಂತ ಕಬ್ಬು ಗಾಳಿಗೆ ಬಾಗತೊಡಗಿತು. ಗ್ಯಾಂಗಿನ ಹೆಂಗಸರು ಹೋಗುವ ಮುಂಚೆ ಅದರದೇ ಸೋಗೆಯ ಗರಿ ಹೊಸೆದು ನಾಲ್ಕು ನಾಲ್ಕು ಕಬ್ಬು ಸೇರಿಸಿ ಕಟ್ಟಿದರು.

ಆರನೆಯ ದಿನ ನಟ ಬಂದ. ಜ್ವರದಿಂದ ಸೊರಗಿದ್ದ, ಮುಖ ಅರ್ಧವಾಗಿತ್ತು. ಇದು ಪಾತ್ರಕ್ಕೆ ಒಳ್ಳೆಯದೇ ಎಂದು ಯಾರೋ ಅಂದಾಗ ಅವನು ನಗಲಿಲ್ಲ. ಕ್ಯಾಮರಾದವನು ಬಾಗಿ ನೋಡಿದ, ಮತ್ತೆ ಬಾಗಿ ನೋಡಿದ. ಸಾಲುಗಳ ನಡುವೆ ಆಚೆಯ ಬಯಲು, ಬಯಲಿನಾಚೆ ಸುಶೀಲಕ್ಕನ ಎಮ್ಮೆ, ಎಲ್ಲ ಕಾಣುತ್ತಿತ್ತು. "ಇದು ಕಾಡಲ್ಲ, ಬೇಲಿ" ಎಂದ.

ಹೇಳಿದ ಮಾತಿನಂತೆ ಗ್ಯಾಂಗು ಅಷ್ಟು ಹೊತ್ತಿಗೆ ಬಂದು ಟ್ರ್ಯಾಕ್ಟರಿನ ನೆರಳಲ್ಲಿ ಕೂತಿತ್ತು. ಮುಂದೆ ಆದದ್ದಕ್ಕೆ ನಾನು ಯಾರಿಗೂ ಏನೂ ಅನುವಾದ ಮಾಡಲಿಲ್ಲ. ಅವರೇ ಎದ್ದರು. ಪಕ್ಕದ ಹೊಲದಲ್ಲಿ ಕಡಿದು ಹಾಕಿದ್ದ, ಸೋಗೆ ಇನ್ನೂ ತೆಗೆಯದ ಕಬ್ಬನ್ನು ತೋಳ ತುಂಬ ಎತ್ತಿಕೊಂಡು, ಸಾಲುಗಳ ಹಿಂದೆ ಹೋಗಿ ನೆಟ್ಟಗೆ ಹಿಡಿದು ನಿಂತರು. ಗಂಡಸರು, ಹೆಂಗಸರು, ಮುಕಾದಮ. ಸುಶೀಲಕ್ಕ ಸೆರಗು ಸಿಕ್ಕಿಸಿ ಮೇಸ್ತ್ರಿಯಾದಳು.

"ಏ ಬಾಯಿ, ಆ ಕಡೆ ಸರಿ, ಬೆಳಕ ಕಾಣಾಕತ್ತೈತಿ! ದಾದಾರಾವ್, ಟೋಪಿ ತಗೀರಿ, ಕಬ್ಬಿಗೆ ಎಲ್ಲ್ಯಾರ ಟೋಪಿ ಇರ್ತೈತೇನು!"

ಕಡೆಗೆ ತಾನೂ ಒಂದು ಹೊರೆ ಎತ್ತಿಕೊಂಡು ನಿಂತಳು.

ಟ್ರ್ಯಾಕ್ಟರಿನವನು ಈ ಕಡೆಯ ಹುಡುಗ. ಹಾಡು ನಿಲ್ಲಿಸು ಎಂದೆ.

"ಪಿಕ್ಚರನ್ಯಾಗ ನನ್ನ ಗಾಡಿ ಬರ್ತೈತೇನ್ರಿ?"

"ಇಲ್ಲ."

"ಮತ್ತ ನಾ ಯಾಕ್ರಿ ಬಂದ್ ಮಾಡ್ಲಿ?" ಎಂದ. ಎಂದು, ಬಂದ್ ಮಾಡಿದ.

ಹಂಗಾಮಿನಲ್ಲಿ ಅಂಥ ನಿಶ್ಶಬ್ದ ನಾನು ಕೇಳಿರಲಿಲ್ಲ. ಅಣ್ಣನ ಪಾತ್ರದವನು ಕಾಲುದಾರಿಯಲ್ಲಿ ನಿಂತು, ಕಾಣದ ತಂಗಿಗೆ ಅಪ್ಪನ ಕೊನೆಯ ದಿನಗಳ ಬಗ್ಗೆ ಹೇಳತೊಡಗಿದ. ಜಗಳದ ಭಾಷೆ ಎಂದೇ ನಾನು ತಿಳಿದಿದ್ದ ತಮಿಳು ಅಷ್ಟು ಮೆತ್ತಗಿರುವುದನ್ನು ಅವತ್ತೇ ಕೇಳಿದ್ದು. ಮಲರ್ 'ಕಟ್' ಎಂದಳು. ತಂಡದವರು ಅಲ್ಲಾಡಿದರು, ಕೆಮ್ಮಿದರು. ಕಬ್ಬಿನ ಹಿಂದೆ ಇದ್ದವರು ಮಾತ್ರ ಹಾಗೇ ನಿಂತಿದ್ದರು, ತೋಳು ನಡುಗುತ್ತಿದ್ದರೂ. ಅವರಿಗೆ ಮುಗಿಯಿತೆಂದು ಹೇಳಬೇಕಾದವನು ನಾನು. ನಾನು ಮರೆತಿದ್ದೆ. ಎಷ್ಟು ಹೊತ್ತೋ. ಆಮೇಲೆ ಸೋಗೆಯ ನಡುವಿನಿಂದ ದಾದಾರಾವನ ದನಿ ಬಂತು, ಬಹಳ ಮೆಲ್ಲಗೆ, ಯಾರದೋ ಪೂಜೆ ಕೆಡಿಸಬಾರದೆಂಬಂತೆ: "ಝಾಲಂ ಕಾ?" ಮುಗೀತೇನು?

ಹೊರೆ ಇಳಿಸಿದರು. ಕೆನ್ನೆ, ಕತ್ತು ಎಲ್ಲ ಸೋಗೆ ಗೀರಿ ಕೆಂಪಾಗಿದ್ದವು. ನೀರು ಕುಡಿದು, ಕೊಯ್ತಾ ಎತ್ತಿಕೊಂಡು, ತಾವೇ ಮರೆಗೆ ನಿಂತಿದ್ದ ಆ ಸಾಲುಗಳನ್ನು ಕಡಿಯಲು ಶುರು ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಉದುರಿದ ಗರಿಗಳ ರವದಿ ಬಿಟ್ಟು ಏನೂ ಇರಲಿಲ್ಲ.

ಸಿನೆಮಾ ಮುಂದಿನ ವರ್ಷ ಬಂತು. ನಮ್ಮ ಕಡೆ ಅದು ಬರುವ ಮಾತೇ ಇಲ್ಲ. ಹಳೆಯ ಪರಿಚಯದವರ ಮನೆಗೆಂದು ತಿರುನೆಲ್ವೇಲಿಗೆ ಹೋಗಿ, ಅಲ್ಲೇ ನೋಡಿದೆ. ಮೊದಲ ವಾರ ಜನ ಕಡಿಮೆ, ಎರಡನೆಯ ವಾರ ಕುರ್ಚಿ ಸಿಗಲಿಲ್ಲ. ಎಲ್ಲರೂ ಮಾತಾಡಿದ್ದು ಆ ಕಬ್ಬಿನ ಬಗ್ಗೆಯೇ. ಕೊನೆಯಿಲ್ಲದ ಹಸಿರು ಎಂದು ಬರೆದರು. ಪಕ್ಕದಲ್ಲಿ ಕೂತ ಹೆಂಗಸು ಗಂಡನಿಗೆ, ಎಷ್ಟು ದೊಡ್ಡ ಕಾಡು, ಒಳಗೆ ಹೋದರೆ ಸಿಗುವುದಿಲ್ಲ ಎಂದಳು. ಒಂದು ಕಡೆ ಗಾಳಿಯಿಲ್ಲದೆ ಕಬ್ಬು ಸಣ್ಣಗೆ ಕಂಪಿಸುತ್ತದೆ. ಒಬ್ಬ ವಿಮರ್ಶಕ ಅದನ್ನು ಭೂಮಿಯ ಉಸಿರು ಎಂದ. ಅದು ಹೊರೆ ಹಿಡಿದವರ ತೋಳು ಎಂದು ನನಗೆ ಗೊತ್ತಿತ್ತು. ಕೊನೆಗೆ ಕೃತಜ್ಞತೆಯ ಪಟ್ಟಿಯಲ್ಲಿ, ಆ ಭಾಗವನ್ನು ಉಳಿಸಿಕೊಟ್ಟವರಿಗೆ ಎಂಬ ಸಾಲಿನ ಮುಂದೆ ನನ್ನ ಹೆಸರು. ನನ್ನದೊಂದೇ.

ಸಂತೋಷಪಟ್ಟೆ. ಸುಳ್ಳು ಯಾಕೆ ಹೇಳಲಿ. ಎರಡು ದಿನ ಸಂತೋಷಪಟ್ಟೆ.

ಮುಂದೆ ಅದು ಫೋನಿನಲ್ಲೂ ಬಂತು. ಸುಶೀಲಕ್ಕನಿಗೆ ತೋರಿಸಿದೆ. ಅವಳು ಅಣ್ಣನನ್ನೂ ತಂಗಿಯನ್ನೂ ನೋಡಲೇ ಇಲ್ಲ. "ಏ, ನಮ್ಮ ಕಬ್ಬ್ ನೋಡೋ! ಎಷ್ಟ್ ದಪ್ಪ ಇತ್ತಲ್ಲ ಆ ವರ್ಷ!" ಎಂದು ಪರದೆಗೆ ಬೆರಳು ಒತ್ತಿದಳು, ಸಿನೆಮಾ ನಿಂತುಹೋಯಿತು. ನಿಂತ ಚಿತ್ರದಲ್ಲಿ ತಂಗಿಯ ಪಾತ್ರದವಳು ಸೋಗೆ ಸರಿಸುತ್ತಿದ್ದಾಳೆ. ಕೈಯಲ್ಲಿ ಹಸಿರು ಬಳೆ.

ನಾನು ಬಹಳ ಹೊತ್ತು ಆ ಬಳೆಗಳನ್ನೇ ನೋಡಿದೆ. ನನ್ನ ನೆನಪಿನ ಕಟಾವಿನ ಹೆಂಗಸು ತೊಟ್ಟದ್ದು ಇವೇ ಬಳೆ. ಹಾಗಾದರೆ ಆ ಕೈ ಎಲ್ಲಿಂದ ಬಂತು? ಹೊಲದಿಂದಲೋ, ಸಿನೆಮಾದಿಂದಲೋ?

"ಅಕ್ಕಾ, ಅಂಚಿನದು ಬಿಡೂಣ ಅಂತ ಅವತ್ತ ಯಾರ್ ಅಂದ್ರು?"

"ನೀನಽ. ನೀ ತಮಿಳಿನ್ಯಾಗ ಏನೋ ಅಂದಿ, ಆ ಹುಡಿಗಿ ಎದ್ದ್ ಬಂದ್ಳು, ಎಲ್ಲಾರೂ ತಣ್ಣಗಾದ್ರು."

ಹೋದ ತಿಂಗಳು ಕಾಗವಾಡದ ಆ ಬಸ್ಸಿನಿಂದ ಇಳಿದ ದಿನ ಮಲರ್‌ಗೆ ಫೋನು ಮಾಡಿದೆ. ಪಾಳಿ ಬೇಗ ಬಂದದ್ದು ನನ್ನ ಮಾತಿನಿಂದಲೇ ಎಂದು, ಇಷ್ಟು ವರ್ಷ ಬಚ್ಚಿಟ್ಟದ್ದನ್ನು ಹೇಳಿದೆ. ಅವಳು ಜೋರಾಗಿ ನಕ್ಕಳು. "ಕೆಡಿಸಿದವರೂ ನೀವೇ, ಉಳಿಸಿದವರೂ ನೀವೇ. ಹೆಸರು ಸರಿಯಾಗಿಯೇ ಹಾಕಿದ್ದೇನೆ."

"ಉಳಿಸಿದ್ದು ನಾನೇ ಎಂದು ನಿಮಗೆ ಹೇಗೆ ಗೊತ್ತು?"

"ನಾನೇ ಕಿವಿಯಾರೆ ಕೇಳಿದೆನಲ್ಲ, ನೀವು ಹೇಳಿದ್ದನ್ನು."

ಅವಳು ಅಲ್ಲಿ ಕೇಳಿದ್ದೆಲ್ಲ ನನ್ನ ಬಾಯಿಂದಲೇ. ಬೇರೆ ಯಾರ ಮಾತೂ ಅವಳಿಗೆ ತಿಳಿಯುತ್ತಿರಲಿಲ್ಲ. ಸುಶೀಲಕ್ಕನಿಗೆ ನನ್ನ ತಮಿಳು ತಿಳಿಯುತ್ತಿರಲಿಲ್ಲ. ಇಬ್ಬರೂ ನೋಡಿದ್ದು ತುಟಿ ಅಲ್ಲಾಡಿಸಿದವನನ್ನು. ದಾದಾರಾವ್ ಕೊಟ್ಟಿದ್ದ ನಂಬರಿಗೆ ಹಚ್ಚಿದರೆ ಈಗ ಬೇರೆ ಯಾರೋ ಎತ್ತುತ್ತಾರೆ, ಮರಾಠಿಯಲ್ಲಿ ಬೈಯುತ್ತಾರೆ.

ಆ ವರ್ಷ ಸುಶೀಲಕ್ಕನ ಕಬ್ಬು ಬೆಂಡಾಗಲಿಲ್ಲ, ಹಸಿಯಾಗಿಯೇ ಕಾರ್ಖಾನೆ ಸೇರಿತು. ಮಲರ್ ಈಗ ಮೂರನೆಯ ಚಿತ್ರ ಮಾಡುತ್ತಿದ್ದಾಳೆ. ತಮಿಳಿನಲ್ಲಿ ಮೆಲ್ಲಗೆ ಮಾತಾಡುವವರೂ ಇದ್ದಾರೆಂದು ನನಗೆ ತಿಳಿಯಿತು. ಇಷ್ಟಕ್ಕೆಲ್ಲ ನಾನು ಯಾರಿಗೋ ನಮಸ್ಕಾರ ಹೇಳಬೇಕು. ಅಂಚಿನದು ಬಿಡೋಣ ಎಂದವನು ನಾನಲ್ಲ ಎಂದು ಆಣೆ ಮಾಡುವಷ್ಟು ಖಾತ್ರಿ ನನಗಿಲ್ಲ. ಹಸಿರು ಬಳೆಯ ಆ ಹೆಂಗಸೇ ಎಂದು ಹೇಳಲು ಅವಳ ಹೆಸರು ಗೊತ್ತಿಲ್ಲ, ಮುಖ ನೆನಪಿಲ್ಲ. ಅಂಥ ಒಬ್ಬಳು ಆ ಗ್ಯಾಂಗಿನಲ್ಲಿ ಇದ್ದಳೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.